ಕಂಡರೂ ಓದದೆ ಉಳಿದ ಒಂದು ಪೊದೆ



ಭಾಗ್ಯನಗರದಿಂದ ಕೂಗಳತೆಯ ದೂರದಲ್ಲಿರುವ ಕೊಪ್ಪಳದ ಬೆಟ್ಟಗಳ ಮೇಲೆ, ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕೊರೆದ ಆ ಅಕ್ಷರಗಳನ್ನು ದನ ಕಾಯುವವರು, ಕಟ್ಟಿಗೆ ತರುವವರು, ಮಠಕ್ಕೆ ಬರುವ ಭಕ್ತರು ತಲೆತಲಾಂತರದಿಂದ ಕಂಡಿರಲೇಬೇಕು. ಆದರೂ ಅವು ‘ಪತ್ತೆಯಾದದ್ದು’ ೧೯೩೧ರಲ್ಲಿ. ಓದಬಲ್ಲ ಕಣ್ಣು ಅವುಗಳ ಮೇಲೆ ಬಿದ್ದುದು ಆಗ. ಸಸ್ಯಲೋಕದ ಹೊಸ ಶೋಧಗಳ ಕಥೆಯೂ ಬಹುಮಟ್ಟಿಗೆ ಇದೇ ಬಗೆಯದು.

ಬದನೆಯ ಕುಟುಂಬವನ್ನು ಶಾಸ್ತ್ರಜ್ಞರು ಸೋಲಾನೇಸಿ ಎಂದು ಕರೆಯುತ್ತಾರೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ತಂಬಾಕು, ಗಣಿಕೆ ಸೊಪ್ಪು, ಉಮ್ಮತ್ತಿ, ಹಿರೇಮದ್ದು ಎಲ್ಲವೂ ಈ ಕುಟುಂಬದವೇ. ಇದರಲ್ಲಿ ೨,೫೦೦ಕ್ಕೂ ಹೆಚ್ಚು ಪ್ರಭೇದಗಳಿವೆ. ಬದನೆಯ ಕುಲವಾದ ಸೋಲಾನಮ್ ಒಂದರಲ್ಲಿಯೇ ೧,೨೦೦ಕ್ಕೂ ಮೇಲ್ಪಟ್ಟು. ಮನುಷ್ಯನಿಗೆ ಇಷ್ಟು ಹತ್ತಿರದ ಕುಟುಂಬದಲ್ಲಿ ಇನ್ನೂ ಹೊಸಬರು ಸೇರುತ್ತಲೇ ಇದ್ದಾರೆ.

೨೦೧೨ರಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್ ಮತ್ತು ಪೆರು ದೇಶಗಳ ಬೆಟ್ಟಸಾಲುಗಳಿಂದ ಸೋಲಾನಮ್ ಬರೆಟಿಯೆ ಎಂಬ ಪ್ರಭೇದವನ್ನು ವಿವರಿಸಲಾಯಿತು. ಎರಿಕ್ ಟೆಪೆ ಮತ್ತು ಸಂಗಡಿಗರು ಅದಕ್ಕೆ ಜಾನ್ ಬರೆ ಎಂಬ ಮಹಿಳೆಯ ಹೆಸರಿಟ್ಟರು. ಹದಿನೆಂಟನೆಯ ಶತಮಾನದಲ್ಲಿ ಗಂಡುವೇಷ ಧರಿಸಿ ಫ್ರೆಂಚ್ ಹಡಗನ್ನೇರಿದ ಆಕೆ, ಸಸ್ಯಶಾಸ್ತ್ರಜ್ಞ ಕೊಮರ್ಸನ್‌ನ ಸಹಾಯಕಿಯಾಗಿ ಗಿಡ ಸಂಗ್ರಹಿಸಿದಳು. ಭೂಪ್ರದಕ್ಷಿಣೆ ಮಾಡಿದ ಮೊದಲ ಮಹಿಳೆ ಎಂದು ಹೆಸರಾದವಳು. ಕೊಮರ್ಸನ್‌ನ ಹೆಸರನ್ನು ಹೊತ್ತ ಪ್ರಭೇದಗಳು ಎಪ್ಪತ್ತಕ್ಕೂ ಹೆಚ್ಚಿದ್ದವು. ಗಿಡ ಹೊತ್ತವಳ ಹೆಸರಿನದು ಒಂದೂ ಉಳಿದಿರಲಿಲ್ಲ. ಆ ಋಣ ತೀರಲು ಎರಡು ಶತಮಾನಗಳಿಗೂ ಹೆಚ್ಚು ಕಾಲ ಬೇಕಾಯಿತು.

ಆಂಡಿಸ್ ಪರ್ವತಗಳ ಈ ಕಥೆಯನ್ನು ಕೊಪ್ಪಳದ ಬಯಲಿಗೆ ತಂದುಕೊಳ್ಳಲು ಒಂದು ಕಾರಣವಿದೆ. ಅದರ ಮರುವರ್ಷವೇ, ೨೦೧೩ರಲ್ಲಿ, ಸಾಂಡ್ರಾ ನ್ಯಾಪ್, ಮರಿಯಾ ವೊರೊಂಟ್ಸೋವಾ ಮತ್ತು ಹೈಮೆ ಪ್ರೊಹೆನ್ಸ್ ಅವರು ಬದನೆಯ ಕಾಡುಬಂಧುಗಳ ಗೊಂದಲವನ್ನು ಬಿಡಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ದಕ್ಷಿಣ ಏಷ್ಯಾದ ಬೀಳುಭೂಮಿ, ಗುಡ್ಡದ ಬುಡ, ಹೊಲದ ಬದುಗಳಲ್ಲಿ ಬೆಳೆಯುವ ಮುಳ್ಳಿನ ಕಾಡುಬದನೆ ಸೋಲಾನಮ್ ಇನ್ಸಾನಮ್ ಎಂಬ ಪ್ರತ್ಯೇಕ ಪ್ರಭೇದವೆಂದೂ, ಊಟದ ತಟ್ಟೆಯ ಬದನೆಗೆ ಅದೇ ಮೂಲಪುರುಷನೆಂದೂ ಆ ಪ್ರಬಂಧ ಸ್ಪಷ್ಟಪಡಿಸಿತು. ಲಿನೇಯಸ್ ೧೭೬೭ರಲ್ಲಿಯೇ ಈ ಹೆಸರು ಕೊಟ್ಟಿದ್ದ. ನಂತರದವರು ಅದನ್ನು ಬದನೆಯ ಒಂದು ಉಪಭೇದವೆಂದು ಬದಿಗೆ ಸರಿಸಿದ್ದರು. ಕೆಲವರು ಉತ್ತರ ಆಫ್ರಿಕಾದಿಂದ ಪಾಕಿಸ್ತಾನದ ಕಡೆಗೆ ಹಬ್ಬಿರುವ ಸೋಲಾನಮ್ ಇನ್ಕಾನಮ್‌ನೊಡನೆ ಬೆರೆಸಿಬಿಟ್ಟಿದ್ದರು. ಹೆಸರು ತಪ್ಪಿದಾಗ ಬೀಜದ ಚೀಟಿಯೂ ತಪ್ಪುತ್ತದೆ. ಯಾವ ಕಾಡುಗಿಡದೊಡನೆ ಸಂಕರ ಮಾಡಿದರೆ ಯಾವ ಗುಣ ಬಂದಿತೆಂಬ ತಳಿವಿಜ್ಞಾನಿಯ ಲೆಕ್ಕವೂ ತಪ್ಪುತ್ತದೆ.

ಈ ಪೊದೆಯನ್ನು ಗುರುತಿಸುವುದು ಕಷ್ಟವಲ್ಲ. ಕಾಂಡ, ಎಲೆಯ ನರ, ಹೂವಿನ ಪುಷ್ಪಪಾತ್ರೆಗಳ ಮೇಲೆ ನೇರವಾದ ಮುಳ್ಳುಗಳು. ಎಲೆಯನ್ನು ಮಸೂರದಡಿ ಹಿಡಿದರೆ ನಕ್ಷತ್ರಾಕಾರದ ರೋಮಗಳು. ನೇರಳೆ ಬಣ್ಣದ ಹೂವು. ಗೋಲಿಯಂತಹ ಕಾಯಿ, ಹಸಿರಿನ ಮೇಲೆ ತಿಳಿಬಣ್ಣದ ಚಿತ್ತಾರ; ಹಣ್ಣಾದಾಗ ಹಳದಿ. ರುಚಿ ಕಹಿ, ತಿನ್ನಲು ಯೋಗ್ಯವಲ್ಲ. ಹಿತ್ತಲಿನ ಬದನೆಗೆ ಸಾಮಾನ್ಯವಾಗಿ ಇಷ್ಟು ಮುಳ್ಳಿರುವುದಿಲ್ಲ, ಕಾಯಿಯೂ ಇಷ್ಟು ಚಿಕ್ಕದಿರುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಬದನೆಗೆ ಮುಳಗಾಯಿ ಎನ್ನುತ್ತಾರೆ. ಸಾವಿರಾರು ವರ್ಷಗಳ ಬೇಸಾಯ ಕಾಯಿಯ ಮುಳ್ಳನ್ನು ಬಹುಪಾಲು ಕಳೆದಿದ್ದರೂ ನುಡಿ ಅದನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ.

ಈ ಹೂವಿನಲ್ಲಿ ಇನ್ನೊಂದು ಪಾಠವಿದೆ. ಬದನೆಯ ಪರಾಗಕೋಶ ಉದ್ದಕ್ಕೆ ಬಿರಿಯುವುದಿಲ್ಲ. ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ತೆರೆದುಕೊಳ್ಳುತ್ತದೆ. ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿ, ನೆಲದಲ್ಲಿ ಬಿಲ ತೋಡುವ ನೀಲಿಪಟ್ಟೆಯ ಒಂಟಿಜೇನು ಹೂವನ್ನು ತಬ್ಬಿ ಮೈಯನ್ನು ಕಂಪಿಸಿದಾಗ ಪರಾಗ ಉದುರುತ್ತದೆ. ಪೆಟ್ಟಿಗೆಯ ಜೇನುನೊಣಕ್ಕೆ ಈ ಕಂಪನವಿದ್ಯೆ ಬಾರದು. ಗುಡ್ಡದ ಒಣಮರ ಕಡಿದು, ಬದುವನ್ನು ಸುಟ್ಟು, ಕಲ್ಲುಗಣಿಗೆ ಇಳಿಜಾರನ್ನು ಒಪ್ಪಿಸಿದರೆ ಕಾಡುಬದನೆಯ ಜೊತೆಗೆ ದುಂಬಿಯ ಮನೆಯೂ ಹೋಗುತ್ತದೆ. ಅದರ ನಷ್ಟ ಕೆಳಗಿನ ಬದನೆ ಹೊಲಕ್ಕೂ ತಟ್ಟುತ್ತದೆ.

ಕೊಪ್ಪಳದಂತೆ ವರ್ಷಕ್ಕೆ ೬೦೦ ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಸೀಮೆಯಲ್ಲಿ ನೀರುಣಿಸುವವರಿಲ್ಲದೆ, ಔಷಧಿ ಸಿಂಪಡಿಸುವವರಿಲ್ಲದೆ ಬದುಕುವ ಬದನೆಯ ಬಂಧುವಿನ ಬೆಲೆ ರೈತನಿಗೆ ಬೇರೆ ಹೇಳಬೇಕಾಗಿಲ್ಲ. ಇದೇ ಕುಲದ ಸುಂಡೆ ಗಿಡದ ಬೇರಿನ ಮೇಲೆ ಬದನೆಯನ್ನು ಕಸಿ ಮಾಡಿ ಸೊರಗು ರೋಗವನ್ನು ತಡೆಯುವ ಪದ್ಧತಿ ಹಲವು ದೇಶಗಳಲ್ಲಿದೆ. ೨೦೧೦ರ ಫೆಬ್ರುವರಿ ೯ರಂದು ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಬಿಟಿ ಬದನೆಯ ವಾಣಿಜ್ಯ ಬೇಸಾಯವನ್ನು ತಡೆಹಿಡಿದರು. ಭಾರತ ಬದನೆಯ ತವರು, ಇಲ್ಲಿನ ವೈವಿಧ್ಯಕ್ಕೆ ಧಕ್ಕೆಯಾಗಬಾರದು ಎಂಬ ವಾದಕ್ಕೆ ಆಗ ತೂಕವಿತ್ತು. ಆದರೆ ಆ ವೈವಿಧ್ಯ ಎಲ್ಲಿ, ಯಾವ ಗುಡ್ಡದಲ್ಲಿ ಎಷ್ಟು ಉಳಿದಿದೆ ಎಂಬ ಊರೂರಿನ ಪಟ್ಟಿ ಇಲ್ಲದಿದ್ದರೆ ತವರಿನ ಹೆಮ್ಮೆ ಬರಿಯ ಮಾತಾಗುತ್ತದೆ.

ಆ ಪಟ್ಟಿಗೆ ದಾರಿ ಈಗಾಗಲೇ ಇದೆ. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದರಲ್ಲಿ ಮಾವು, ಬೇವುಗಳ ಸಾಲಿನಲ್ಲಿ ಕಾಡುಬದನೆಗೂ ಒಂದು ಪುಟ ಸಲ್ಲಬೇಕು. ಶಾಲೆಯ ಮಕ್ಕಳೂ ಇದನ್ನು ಮಾಡಬಹುದು. ಹೂವು, ಕಾಯಿ ಎರಡೂ ಇರುವ ಒಂದು ಟೊಂಗೆ ಸಾಕು. ಅದನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಭಾರವಿಟ್ಟು, ಕಾಗದ ಬದಲಿಸುತ್ತಾ ಒಣಗಿಸಬೇಕು. ಸ್ಥಳ, ದಿನಾಂಕ, ಗಿಡದ ಎತ್ತರ, ಊರಿನವರು ಕರೆಯುವ ಹೆಸರು ಬರೆದಿಡಬೇಕು. ಹೂವಿನ ಬಣ್ಣವನ್ನು ಅಲ್ಲಿಯೇ ಗುರುತು ಹಾಕಬೇಕು. ಒಣಗಿದ ಮೇಲೆ ಅದು ಮಾಸುತ್ತದೆ. ಹೊಸ ಪ್ರಭೇದಗಳು ಎಷ್ಟೋ ವೇಳೆ ಬೆಳಕಿಗೆ ಬರುವುದು ಇಂತಹ ಹಳೆಯ ಹಾಳೆಗಳಿಂದಲೇ. ಚೀಟಿಯಿಲ್ಲದ ಗಿಡ ಒಣಹುಲ್ಲಿಗೆ ಸಮಾನ.

ಶಾಸನವನ್ನು ಓದಿದವರು ೧೯೩೧ರಲ್ಲಿ ಬಂದರು, ಬಂಡೆ ಅಲ್ಲಿಯವರೆಗೆ ಕಾದಿತ್ತು. ಪೊದೆಗೆ ಅಷ್ಟು ಆಯುಷ್ಯವಿಲ್ಲ. ಈ ಮಳೆಗಾಲದಲ್ಲಿ ಬದು ಸವರಲು ಕುಡುಗೋಲು ಎತ್ತುವ ಮೊದಲು, ಆ ಮುಳ್ಳುಗಿಡವನ್ನು ಒಮ್ಮೆ ಬಾಗಿ ನೋಡಿದರೆ ಸಾಕು.