ಮುಂಗೈಯ ಲೆಕ್ಕ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಂಗೀತದ ಊರು. ಅಲ್ಲಿನ ತಂಬೂರಿ ಆಕಾರದ ಸಪ್ತಸ್ವರ ಮಂದಿರದಲ್ಲಿ ಹೋದ ತಿಂಗಳು ಒಂದಿಷ್ಟು ಹೊತ್ತು ಕೂತಿದ್ದೆ. ಮುಂಗೈಯಲ್ಲಿ ಮಗನ ಫಿಟ್‌ನೆಸ್ ಬ್ಯಾಂಡ್. 'ಒಂದು ವಾರ ಕಟ್ಕೊಂಡು ನೋಡಪ್ಪ, ಹಿಡಿಸಿದ್ರೆ ನಿನಗೂ ಒಂದು ತರಿಸ್ತೀನಿ' ಎಂದಿದ್ದ.

ತೊಡೆ ತಟ್ಟುತ್ತ ಆದಿತಾಳ ಹಾಕಿಕೊಂಡು ಏನೋ ಗುನುಗಿದೆ. ಏಳುವಾಗ ನೋಡಿದರೆ ಇನ್ನೂರು ಚಿಲ್ಲರೆ ಹೆಜ್ಜೆ ಏರಿವೆ! ಕೂತಲ್ಲೇ ನಡೆದಿದ್ದೆ. ಬ್ಯಾಂಡಿಗೆ ಕಾಲು ಕಾಣದು, ಕೈ ಆಡುವುದಷ್ಟೇ ಗೊತ್ತು. ಮಾರನೆಯ ದಿನ ಪಂಕ್ಚರಾದ ಸ್ಕೂಟರನ್ನು ಅರ್ಧ ಮೈಲಿ ತಳ್ಳಿದೆ, ಬೆವರಿಳಿಯಿತು; ಹ್ಯಾಂಡಲ್ ಹಿಡಿದ ಕೈ ಅಲುಗಲಿಲ್ಲ ನೋಡಿ, ಲೆಕ್ಕ ಹೆಚ್ಚುಕಮ್ಮಿ ಸೊನ್ನೆ.

ಇನ್ನು ದಿನಕ್ಕೆ 10,000 ಹೆಜ್ಜೆ ಎಂಬ ಗುರಿ. ಅದು ವೈದ್ಯರ ಚೀಟಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಮಾನ್‌ಪೊ‌ಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ. ಬ್ಯಾಂಡಿನ ನಾಡಿ ಲೆಕ್ಕ ಪರವಾಗಿಲ್ಲ: ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ಎಣಿಸುತ್ತದೆ.

ದಿನವಿಡೀ ಕುರ್ಚಿಗಂಟಿದ ನನ್ನ ಮಗನಂಥವರಿಗೆ 'ಏಳು' ಎನ್ನಲು ಇಂಥ ಬ್ಯಾಂಡ್ ಒಂದು ಬೇಕೇನೋ. ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವರಿಗೆ ಯಾಕೆ? ರುದ್ರಪಟ್ಟಣದಲ್ಲೇ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್, ಆಕಾಶವಾಣಿಯಲ್ಲಿ ದುಡಿದವರು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅವರ ಕೈ ಎಣಿಸುತ್ತಿದ್ದದ್ದು ತಾಳವನ್ನು.

ಬ್ಯಾಂಡನ್ನು ಮಗನಿಗೆ ಹಿಂದಿರುಗಿಸಿದೆ. ಚಾರ್ಜು ಮುಗಿದಿತ್ತು.