ಮನೋವ್ರಣವೂ ಕರುಣೆಯ ಚಿಕಿತ್ಸೆಯೂ



ಶರೀರದ ವ್ರಣವು ಕಣ್ಣಿಗೆ ಕಾಣುವುದು. ಮನಸ್ಸಿನ ವ್ರಣವು ಕಾಣದು. ಆದುದರಿಂದಲೇ ಲೋಕವು ಅದನ್ನು ಹೇಡಿತನವೆಂದೋ ನಟನೆಯೆಂದೋ ಬಗೆದು ತಿರಸ್ಕರಿಸುವುದುಂಟು. 1914ರಲ್ಲಿ ತೊಡಗಿದ ಯುರೋಪಿನ ಮಹಾಯುದ್ಧದಲ್ಲಿ, ಮೈಮೇಲೆ ಗೀರೂ ಇಲ್ಲದ ಸಹಸ್ರಾರು ಯೋಧರು ಮಾತು ಕಳೆದುಕೊಂಡರು, ನಡುಗಿದರು, ನಿದ್ರೆಗೆ ಅಂಜಿದರು. ಕೆಲವು ವೈದ್ಯರು ಅಂತಹ ಮೂಕರ ಗಂಟಲಿಗೆ ವಿದ್ಯುತ್ತನ್ನು ತಗುಲಿಸಿ ಬಲಾತ್ಕಾರದಿಂದ ಮಾತನಾಡಿಸಿದರು. ಮತ್ತೆ ಕೆಲವರು ಎಲ್ಲವನ್ನೂ ಮರೆತುಬಿಡಿರೆಂದು ಬುದ್ಧಿ ಹೇಳಿದರು. ಶೋಕದಿಂದ ಕಂಗೆಟ್ಟವರಿಗೆ ಇಂದಿಗೂ ನೆಂಟರಿಷ್ಟರು ಹೇಳುವುದು ಇದನ್ನೇ ಅಲ್ಲವೇ! ಆದರೆ ಹಗಲಿನಲ್ಲಿ ಅದುಮಿಟ್ಟುದು ಇರುಳಿನಲ್ಲಿ ದುಃಸ್ವಪ್ನವಾಗಿ ಏಳುತ್ತಿದ್ದಿತು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕ್ರೇಗ್‌ಲಾಕ್‌ಹಾರ್ಟ್ ಯುದ್ಧಾಸ್ಪತ್ರೆಯಲ್ಲಿ 1916-17ರಲ್ಲಿ ಇದ್ದ ಡಾಕ್ಟರ್ ರಿವರ್ಸ್ ಮಹಾಶಯರು ಬೇರೊಂದು ಮಾರ್ಗವನ್ನು ಹಿಡಿದರು. ಇವರು ಮೈಸೂರು ಸೀಮೆಗೆ ಹೊಂದಿಕೊಂಡ ನೀಲಗಿರಿಯಲ್ಲಿ ತೋಡ ಜನರ ನಡುವೆ ಇದ್ದು, ಅವರ ಆಚಾರಗಳನ್ನು ಕೇಳಿ ತಿಳಿದು, 1906ರಲ್ಲಿ ಗ್ರಂಥವನ್ನು ಪ್ರಕಟಿಸಿದವರು. ಕೇಳುವ ತಾಳ್ಮೆಯು ಅವರಿಗೆ ಮೊದಲೇ ಅಭ್ಯಾಸವಾಗಿದ್ದಿತು.

ಅವರಲ್ಲಿಗೆ ಬಂದ ಒಬ್ಬ ಸೇನಾಧಿಕಾರಿಯು ತನ್ನ ಮಿತ್ರನನ್ನು ಅರಸುತ್ತ ಹೋಗಿ, ತಲೆ ಕೈಕಾಲುಗಳು ಬೇರ್ಪಟ್ಟು ಛಿದ್ರವಾಗಿ ಬಿದ್ದಿದ್ದ ದೇಹವನ್ನು ಕಂಡಿದ್ದನು. ಅಂದಿನಿಂದ ಆ ರೂಪವೇ ಕನಸಿನಲ್ಲಿ ಬಂದು ಕಾಡುತ್ತಿದ್ದಿತು. ಇರುಳು ಬರುವುದಲ್ಲಾ ಎಂಬ ಭಯದಲ್ಲಿಯೇ ಆತನ ಹಗಲು ಕಳೆಯುತ್ತಿದ್ದಿತು. ರಿವರ್ಸರು ಗದರಿಸಲಿಲ್ಲ, ಮರೆಯೆಂದೂ ಹೇಳಲಿಲ್ಲ. ದೇಹದ ಆ ಸ್ಥಿತಿಯೇ, ಮಿತ್ರನು ದೀರ್ಘಕಾಲ ನರಳದೆ ಆ ಕ್ಷಣದಲ್ಲಿಯೇ ಅಸುನೀಗಿದನೆಂಬುದಕ್ಕೆ ಪ್ರಮಾಣವೆಂದು ತೋರಿಸಿಕೊಟ್ಟರು. ಆತನ ಮುಖವು ಅರಳಿತು. ಕೆಲವು ರಾತ್ರಿ ಆ ಕನಸೇ ಬೀಳಲಿಲ್ಲ. ಬಳಿಕ ಒಂದಿರುಳು, ಮಿತ್ರನ ಪಕ್ಕದಲ್ಲಿ ಮಂಡಿಯೂರಿ, ಅವನ ಬಂಧುಗಳಿಗಾಗಿ ಮೈಮೇಲಿನ ವಸ್ತುಗಳನ್ನು ತೆಗೆದಿಡುತ್ತಿದ್ದಂತೆ ಕನಸು ಕಂಡು ಎಚ್ಚರಗೊಂಡನು. ಭಯವಿರಲಿಲ್ಲ, ಕಣ್ಣಲ್ಲಿ ನೀರಿದ್ದಿತು. ಮತ್ತೊಂದು ಕನಸಿನಲ್ಲಿ ಆ ಮಿತ್ರನಿಗೇ ತನ್ನ ಕಾಯಿಲೆಯ ಕಥೆಯನ್ನು ಹೇಳಿಕೊಂಡನು. ಭೀತಿಯು ದುಃಖವಾಗಿ ಮಾರ್ಪಟ್ಟಿತು. ದುಃಖವನ್ನು ಮನುಷ್ಯನು ಹೊರಬಲ್ಲನು.

ವೈದ್ಯರು ಹೇಳಿದುದು ಬರಿಯ ಸವಿಮಾತಲ್ಲ, ಸತ್ಯವೆಂಬುದನ್ನು ಇಲ್ಲಿ ಗಮನಿಸಬೇಕು. ಇನ್ನೊಬ್ಬ ಅಧಿಕಾರಿಯು ಸಿಡಿಗುಂಡಿನ ರಭಸಕ್ಕೆ ಎಸೆಯಲ್ಪಟ್ಟು, ಹಲವು ದಿನಗಳ ಹಿಂದೆ ಸತ್ತಿದ್ದ ಶತ್ರುವಿನ ಶವದ ಮೇಲೆ ಮುಖವಡಿಯಾಗಿ ಬಿದ್ದಿದ್ದನು. ಆ ಅನುಭವದಲ್ಲಿ ಸಹಿಸತಕ್ಕ ಅಂಶವೊಂದೂ ರಿವರ್ಸರಿಗೆ ದೊರೆಯಲಿಲ್ಲ. ಇಲ್ಲದುದನ್ನು ಅವರು ಕಲ್ಪಿಸಿ ಹೇಳಲೂ ಇಲ್ಲ. ಆತನು ಸೈನ್ಯವನ್ನು ಬಿಟ್ಟು, ಹಿಂದೆ ತನಗೆ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿನ ಬಾಳಿಗೆ ತೆರಳುವುದೇ ಲೇಸೆಂದು ನಿಶ್ಚಯವಾಯಿತು. ಗುಣವಾದವನ ವೃತ್ತಾಂತದೊಡನೆ ಗುಣವಾಗದವನ ವೃತ್ತಾಂತವನ್ನೂ ರಿವರ್ಸರು 1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯ ಮುಂದೆ ಮುಚ್ಚುಮರೆಯಿಲ್ಲದೆ ಓದಿದರು.