ಸ್ಪೀಕರ್ ವೈರಿಗೆ ಎಷ್ಟು ದುಡ್ಡು ಹಾಕಬೇಕು?

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ಧಾರವಾಡ. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವನು. ಇದನ್ನ ಜಂಬಕ್ಕೆ ಹೇಳ್ತಾ ಇಲ್ಲ. ಇವತ್ತಿನ ಕಥೆಯಲ್ಲಿ ಆ ಎಂಟೆಕ್ಕೇ ನನ್ನನ್ನ ದಾರಿ ತಪ್ಪಿಸಿದ್ದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ವಿಷಯ ಬಹಳ ಸಣ್ಣದು. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗೋ ಎರಡೆಳೆ ವೈರು. ಅಂಗಡಿಗೆ ಹೋದರೆ ಮೀಟರ್‌ಗೆ ಇಪ್ಪತ್ತು ರೂಪಾಯಿಂದ್ದೂ ಇದೆ, ಸಾವಿರಗಟ್ಟಲೆ ಬೆಲೆಯದ್ದೂ ಇದೆ. ಯಾವುದನ್ನ ತಗೋಬೇಕು? ನಾನು ಎರಡನ್ನೂ ತಗೊಂಡು, ಎರಡು ಸಲವೂ ತಪ್ಪು ಮಾಡಿದವನು.

ಅಪ್ಪ ರಿಟೈರ್ ಆದ ಮೇಲೆ ಎರಡು ತಿಂಗಳು ನಮ್ಮನೆಗೆ ಬಂದಿದ್ದರು. ಬರೋವಾಗ ತಮ್ಮ ಹಳೇ ಆಂಪ್ಲಿಫೈಯರ್ ತಂದಿದ್ದರು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು! ನಾನು ಹದಿನಾಲ್ಕು ಸಾವಿರ ಕೊಟ್ಟು ಒಂದು ಜೋಡಿ ಸ್ಪೀಕರ್ ತಂದೆ. ವೈರಿಗೇನು ಮಹಾ ಅಂತ, ಹತ್ತಿರದ ಅಂಗಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳ್ಳನೆ ವೈರು ಕತ್ತರಿಸಿಕೊಂಡು ಬಂದು ಜೋಡಿಸಿದೆ. ಅಪ್ಪ ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನಸೂರರದ್ದು. ಧಾರವಾಡದವರು ಬೇರೆ ಏನು ಹಾಕ್ತಾರೆ ಹೇಳಿ!

ಹತ್ತು ನಿಮಿಷ ಕೇಳಿದರು. ಆಮೇಲೆ, "ತಮ್ಮಾ, ಹಾಡು ಕೇಳಸ್ತದ. ಆದ್ರ ಹಾಡವ್ರು ಎಲ್ಲೆ ಕೂತಾರ ಅನ್ನೋದು ತಿಳೀವಲ್ದು ನೋಡು" ಅಂದರು.

ನಾನು ಎದ್ದು ವೈರು ನೋಡಬೇಕಿತ್ತು. ನೋಡಲಿಲ್ಲ. "ಅಪ್ಪಾ, ವಯಸ್ಸಾದ ಮ್ಯಾಲೆ ಕಿವಿ ಸ್ವಲ್ಪ ಹಿಂಗ ಆಗ್ತದ" ಅಂತ ಶುರು ಮಾಡಿ, ವಯಸ್ಸಿನ ಜೊತೆ ಮೇಲಿನ ಫ್ರೀಕ್ವೆನ್ಸಿಗಳು ಹೇಗೆ ಕೇಳಿಸದಂತಾಗುತ್ತವೆ ಅಂತ ಪಾಠ ಮಾಡಿದೆ. ಅಪ್ಪ ಏನೂ ಹೇಳಲಿಲ್ಲ. ಮಾರನೇ ದಿನದಿಂದ ಮೊಬೈಲಿನಲ್ಲೇ ಹಾಡು ಕೇಳೋಕೆ ಶುರು ಮಾಡಿದರು. ಊರಿಗೆ ಹೋದ ಮೇಲೆ ಕಿವಿ ಪರೀಕ್ಷೆ ಮಾಡಿಸಿಕೊಂಡರಂತೆ. ಅದನ್ನ ನನಗೆ ಹೇಳಿದ್ದು ಅವ್ವ.

ಅವರು ಹೋದ ಮೇಲೆ ನನಗೂ ಅನುಮಾನ ಬಂತು. ಬಾಸ್ ಇಲ್ಲ, ದನಿ ಹರಡಿಹೋಗಿದೆ. ಒಂದು ದೊಡ್ಡ ಆಡಿಯೋ ಶೋರೂಮಿಗೆ ಹೋಗಿ ಹೇಳಿಕೊಂಡೆ. "ಸರ್, ನಿಮ್ಮ ಕೇಬಲ್ ಸರಿ ಇಲ್ಲ" ಅಂದರು. ಒಂಬತ್ತು ಸಾವಿರ ರೂಪಾಯಿ ಕೇಬಲ್ ತಂದು ಹಾಕಿದೆ. ನಂಬ್ತೀರೋ ಇಲ್ಲವೋ, ದನಿ ಸರಿಹೋಯ್ತು! ಬಾಸ್ ಬಂತು, ಹಾಡೋರು ನಡುವೆ ಬಂದು ಕೂತರು. ಆಫೀಸಿನಲ್ಲಿ ಎಲ್ಲರಿಗೂ ಕೇಬಲ್ ಮಹಿಮೆ ಹೇಳಿಕೊಂಡು ತಿರುಗಿದೆ.

ಎಂಟು ತಿಂಗಳ ಮೇಲೆ ಮನೆ ಬದಲಾಯಿಸಿದ್ವಿ. ಹೊಸ ಹಾಲ್‌ನಲ್ಲಿ ದುಬಾರಿ ಕೇಬಲ್ ಒಂದು ಸ್ಪೀಕರ್‌ಗೆ ಎಟಕಲಿಲ್ಲ. ತಾತ್ಕಾಲಿಕವಾಗಿ ಆ ಹಳೇ ವೈರನ್ನೇ ಎರಡೂ ಕಡೆ ಹಾಕಿದೆ. ಈ ಸಲ ಮಲ್ಟಿಮೀಟರ್ ಹಿಡಿದು, ಯಾವ ಎಳೆ ಯಾವುದು ಅಂತ ನೋಡಿ ಹಾಕಿದೆ. ದನಿ ಸರಿಯಾಗೇ ಇತ್ತು. ಬಾಸ್ ಇತ್ತು, ಹಾಡೋರು ನಡುವೆಯೇ ಇದ್ದರು.

ಆವಾಗ ಹೊಳೀತು. ಮೊದಲನೇ ಸಲ ನಾನು ಒಂದು ಸ್ಪೀಕರ್‌ಗೆ ಪ್ಲಸ್ಸು ಮೈನಸ್ಸು ಉಲ್ಟಾ ಹಾಕಿದ್ದೆ. ಎರಡೂ ಎಳೆ ಒಂದೇ ಥರ ಕಾಣ್ತಿದ್ದವು. ದುಬಾರಿ ಕೇಬಲಿನಲ್ಲಿ ಕೆಂಪು ಕಪ್ಪು ಬಣ್ಣ ಇತ್ತು, ಹಾಗಾಗಿ ತಾನಾಗೇ ಸರಿಯಾಯ್ತು. ಒಂಬತ್ತು ಸಾವಿರ ಕೊಟ್ಟು ನಾನು ಕೊಂಡಿದ್ದು ಎರಡು ಬಣ್ಣ!

ನಾವು ಸಾಫ್ಟ್‌ವೇರಿನವರು ಹೊಸಬರಿಗೆ ಹೇಳೋ ಮೊದಲನೇ ಮಾತು: ಬಗ್ ಹುಡುಕೋವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ನಾನು ಒಂದೇ ಸಲಕ್ಕೆ ಎರಡು ಬದಲಾಯಿಸಿ, ಕ್ರೆಡಿಟ್ಟನ್ನ ಬೆಲೆ ಜಾಸ್ತಿ ಇರೋದಕ್ಕೆ ಕೊಟ್ಟಿದ್ದೆ.

ಉಲ್ಟಾ ಹಾಕಿದರೆ ಏನಾಗುತ್ತೆ?

ಒಂದು ಸ್ಪೀಕರಿನ ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಒಂದು ತಳ್ಳಿದ ಗಾಳಿಯನ್ನ ಇನ್ನೊಂದು ಎಳೆದುಕೊಳ್ಳುತ್ತೆ. ಬಾಸ್ ಸಾಯುತ್ತೆ. ನಡುವೆ ಇರಬೇಕಾದ ದನಿಗೆ ಜಾಗವೇ ಇರಲ್ಲ. ಹಳೇ ಮೋನೊ ರೆಕಾರ್ಡಿಂಗಿನಲ್ಲಂತೂ ಇದು ಎದ್ದು ಕಾಣುತ್ತೆ, ಯಾಕಂದ್ರೆ ಎರಡೂ ಸ್ಪೀಕರಿಗೆ ಹೋಗೋದು ಒಂದೇ ಸಿಗ್ನಲ್. ಸರಿ ಇದ್ದರೆ ಗಾಯಕರು ನಟ್ಟನಡುವೆ ಕೂತಿರಬೇಕು. ಅಪ್ಪ ಹೇಳಿದ್ದು ಅಕ್ಷರಶಃ ಇದನ್ನೇ.

ಪರೀಕ್ಷೆ ಸುಲಭ. ಆಂಪ್ಲಿಫೈಯರ್ ಆಫ್ ಮಾಡಿ, ವೈರನ್ನ ಆ ಕಡೆಯಿಂದ ಬಿಚ್ಚಿ. ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನ ವೈರಿನ ತುದಿಗೆ ಒಂದು ಕ್ಷಣ ತಾಗಿಸಿ. ಕೆಂಪು ಟರ್ಮಿನಲ್ಲಿನ ಎಳೆಗೆ ಸೆಲ್ಲಿನ ಪ್ಲಸ್ ತಾಗಿದರೆ ದೊಡ್ಡ ಕೋನ್ ಸಾಮಾನ್ಯವಾಗಿ ಹೊರಗೆ ಬರುತ್ತೆ. ಎರಡೂ ಸ್ಪೀಕರ್ ಒಂದೇ ಥರ ಅಲ್ಲಾಡಬೇಕು, ಅಷ್ಟೇ.

ಎಷ್ಟು ದಪ್ಪ ಬೇಕು?

ಈಗ ಲೆಕ್ಕಕ್ಕೆ ಬರೋಣ. ವೈರಿನಲ್ಲಿ ನಿಜವಾಗಿ ಲೆಕ್ಕಕ್ಕೆ ಬರೋದು ರೆಸಿಸ್ಟೆನ್ಸ್. ಅದನ್ನ ತೀರ್ಮಾನಿಸೋದು ಮೂರು: ಉದ್ದ, ದಪ್ಪ, ಲೋಹ. 1 ಚದರ ಮಿ.ಮೀ. ದಪ್ಪದ ತಾಮ್ರದ ಎಳೆ ಮೀಟರ್‌ಗೆ ಸುಮಾರು 0.02 ಓಮ್ ಅಂತ ಇಟ್ಕೊಳ್ಳಿ. ಕರೆಂಟ್ ಹೋಗಿ ವಾಪಸ್ ಬರಬೇಕು, ಹಾಗಾಗಿ ಉದ್ದವನ್ನ ಎರಡರಿಂದ ಗುಣಿಸಿ. ನನ್ನ ಮನೆಯಲ್ಲಿ 4 ಮೀಟರ್ ದೂರ, ಅಂದರೆ ಲೆಕ್ಕಕ್ಕೆ 8 ಮೀಟರ್. 0.75 ಚದರ ಮಿ.ಮೀ. ವೈರಾದರೆ 0.21 ಓಮ್, 1.5 ಆದರೆ 0.11 ಓಮ್, 2.5 ಆದರೆ 0.06 ಓಮ್.

ಸಾಮಾನ್ಯವಾಗಿ ಬಳಸೋ ಮಿತಿ ಏನಂದ್ರೆ, ವೈರಿನ ರೆಸಿಸ್ಟೆನ್ಸ್ ಸ್ಪೀಕರಿನ ಇಂಪೀಡೆನ್ಸಿನ ಶೇ. 5 ದಾಟಬಾರದು. ಸ್ಪೀಕರಿನ ಹಿಂದೆ 8 ಓಮ್ ಅಂತ ಬರೆದಿದ್ದರೆ 0.4 ಓಮ್, 4 ಓಮ್ ಆದರೆ 0.2 ಓಮ್. ಇದನ್ನ ಬಾಯಿಲೆಕ್ಕ ಮಾಡಿಟ್ಟಿದ್ದೀನಿ, ಬರೆದುಕೊಳ್ಳಿ: 8 ಓಮ್ ಸ್ಪೀಕರ್ ಆದರೆ ಮೀಟರ್ ಉದ್ದವನ್ನ 10ರಿಂದ ಭಾಗಿಸಿ, 4 ಓಮ್ ಆದರೆ 5ರಿಂದ ಭಾಗಿಸಿ. ಬಂದ ಉತ್ತರವೇ ಬೇಕಾದ ಕನಿಷ್ಠ ದಪ್ಪ, ಚದರ ಮಿ.ಮೀ.ನಲ್ಲಿ. ಇಂಪೀಡೆನ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಇರಲ್ಲ, ಕೆಲವು ಕಡೆ ಕೆಳಗೆ ಇಳಿಯುತ್ತೆ. ಹಾಗಾಗಿ ಒಂದು ಸೈಜ್ ಮೇಲಿನದನ್ನೇ ತಗೊಳ್ಳಿ.

ನಮ್ಮ ಫ್ಲಾಟುಗಳ ಹಾಲ್‌ಗೆ 1.5 ಚದರ ಮಿ.ಮೀ. ಸಾಕು. 4 ಓಮ್ ಸ್ಪೀಕರ್ ಇದ್ದು, ಗೋಡೆ ಸುತ್ತಿಕೊಂಡು ಏಳೆಂಟು ಮೀಟರ್ ಹೋಗಬೇಕಾದರೆ 2.5 ತಗೊಳ್ಳಿ. ಅದಕ್ಕಿಂತ ಮೇಲೆ ಮನೆಗೆ ಬೇಕಾಗೋದು ಅಪರೂಪ.

ಅಂಗಡಿಯಲ್ಲಿ ಏನು ಕೇಳಬೇಕು?

ಆಡಿಯೋ ಶೋರೂಮಿಗಿಂತ ಎಲೆಕ್ಟ್ರಿಕಲ್ ಮಾರ್ಕೆಟ್ಟಿಗೆ ಹೋಗಿ. ಪುಣೆಯವರಿಗೆ ತಾಪಕೀರ್ ಗಲ್ಲಿ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿ, ದೆಹಲಿಯವರಿಗೆ ಭಾಗೀರಥ ಪ್ಯಾಲೇಸ್. "ಟೂ ಕೋರ್ ಫ್ಲೆಕ್ಸಿಬಲ್, ಒಂದೂವರೆ ಸ್ಕ್ವೇರ್ ಎಂಎಂ, ಕಾಪರ್" ಅಂತ ಕೇಳಿ. ಮೇಲೆ ಐಎಸ್‌ಐ ಗುರುತು, ಐಎಸ್ 694 ಅಂತ ಅಚ್ಚಾಗಿರಬೇಕು. ಒಳಗಿನ ಎರಡು ಎಳೆಗೆ ಬೇರೆ ಬೇರೆ ಬಣ್ಣ ಇರುತ್ತೆ. ನಾನು ತಂದಾಗ ಮೀಟರ್‌ಗೆ ಐವತ್ತು ರೂಪಾಯಿ ಆಸುಪಾಸು ಬಿತ್ತು. ತಾಮ್ರದ ರೇಟಿನ ಜೊತೆ ಇದೂ ಏರಿಳಿಯುತ್ತೆ.

ಕೆಲವು ಅಂಗಡಿಯವರು 23/36, 40/36 ಅನ್ನೋ ಹಳೇ ಲೆಕ್ಕ ಹೇಳ್ತಾರೆ. ಮೊದಲನೇದು ಸಣ್ಣ ತಂತಿಗಳ ಸಂಖ್ಯೆ, ಎರಡನೇದು ಆ ತಂತಿಯ ಗೇಜು. 23/36 ಅಂದರೆ ಸುಮಾರು 0.67 ಚದರ ಮಿ.ಮೀ., 40/36 ಅಂದರೆ ಸುಮಾರು 1.2. ಆನ್‌ಲೈನ್‌ನಲ್ಲಿ ಅಮೆರಿಕದ ಗೇಜ್ ಹಾಕಿರ್ತಾರೆ. ಅಲ್ಲಿ ನಂಬರ್ ಜಾಸ್ತಿ ಆದಷ್ಟೂ ವೈರು ತೆಳ್ಳಗೆ: 16 ಅಂದರೆ 1.3, 14 ಅಂದರೆ 2.1.

ಇಲ್ಲೊಂದು ಮೋಸ ಇದೆ. ಸಿಸಿಎ ಅಂತ ಬರೆದಿದ್ದರೆ ಅದು ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ. ಕೆಲವರು ಬರೆಯೋದೂ ಇಲ್ಲ. ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಿದ್ದರೆ ತಾಮ್ರ, ಬೆಳ್ಳಗಿದ್ದರೆ ಅಲ್ಯುಮಿನಿಯಂ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಿದ್ದರೆ ಹೆದರಬೇಡಿ, ಅದು ತವರ ಹಚ್ಚಿದ ತಾಮ್ರ. ಸಿಸಿಎಯಲ್ಲಿ ಹಾಡು ಬರಲ್ಲ ಅಂತಲ್ಲ. ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು ಜಾಸ್ತಿ, ಅಷ್ಟು ದಪ್ಪ ತಗೋಬೇಕು. ಆದರೆ ಬಗ್ಗಿಸಿದರೆ ಬೇಗ ಮುರಿಯುತ್ತೆ. ತಾಮ್ರದ ಬೆಲೆ ಕೊಟ್ಟು ಅದನ್ನ ತರಬೇಡಿ. ಮನೆಯ ಕರೆಂಟ್ ವೈರಿಂಗಿಗಂತೂ ಮುಟ್ಟಲೇಬೇಡಿ.

ಶೋರೂಮಿನಲ್ಲಿ ನನಗೆ ಹೇಳಿದ್ದು

ಬೆಳ್ಳಿ ಲೇಪ: ಬೆಳ್ಳಿ ತಾಮ್ರಕ್ಕಿಂತ ಚೆನ್ನಾಗಿ ಕರೆಂಟ್ ಒಯ್ಯುತ್ತೆ ಅನ್ನೋದು ನಿಜ, ಸುಮಾರು ಶೇ. 6ರಷ್ಟು. ತಾಮ್ರದ ವೈರು ಒಂಚೂರು ದಪ್ಪ ತಗೊಂಡರೆ ಅದು ಸರಿಹೋಗುತ್ತೆ.

ವೈರಿನ ಮೇಲಿನ ಬಾಣದ ಗುರುತು: ಸಿಗ್ನಲ್ ಎಸಿ. ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ಓಡಾಡುತ್ತೆ. ತಾಮ್ರಕ್ಕೆ ಒನ್‌ವೇ ಇಲ್ಲ.

ಎರಡೂ ವೈರು ಒಂದೇ ಉದ್ದ ಇರಲೇಬೇಕು, ಇಲ್ಲದಿದ್ದರೆ ದನಿ ಹಿಂದೆಮುಂದೆ ಆಗುತ್ತೆ: ಒಂದು ಮೀಟರ್ ಹೆಚ್ಚಿನ ವೈರಿಗೆ ಕೆಲವೇ ನ್ಯಾನೊಸೆಕೆಂಡ್ ತಡ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಬರೋದಕ್ಕೆ ಮೂರು ಮಿಲಿಸೆಕೆಂಡ್. ನೀವು ಕೂತಲ್ಲೇ ತಲೆಯನ್ನ ಕೂದಲೆಳೆಯಷ್ಟು ಸರಿಸಿದರೂ ಆ ವೈರಿಗಿಂತ ಜಾಸ್ತಿ ವ್ಯತ್ಯಾಸ ಆಗುತ್ತೆ.

ನನ್ನ ಕೈಲಿ ಎರಡೂ ವೈರು ಇದ್ದವಲ್ಲ, ಹೆಂಡತಿಗೆ ಹೇಳಿ ನನಗೆ ಕಾಣದ ಹಾಗೆ ಹತ್ತು ಸಲ ಬದಲಾಯಿಸಿಸಿದೆ. ಯಾವುದು ದುಬಾರಿ ಅಂತ ಆರು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತೆ. ಆಮೇಲೆ ಪ್ಲಸ್ಸು ಮೈನಸ್ಸು ಉಲ್ಟಾ ಮಾಡೋ ಆಟ ಆಡಿದ್ವಿ. ಹತ್ತಕ್ಕೆ ಹತ್ತು.

ಜೋಡಿಸುವಾಗ ಎರಡು ಎಚ್ಚರಿಕೆ. ಆಂಪ್ಲಿಫೈಯರ್ ಆಫ್ ಇರಲಿ. ತುದಿಯ ತಂತಿಗಳನ್ನ ಬಿಗಿಯಾಗಿ ಹೊಸೆಯಿರಿ. ಒಂದು ಎಳೆ ಹೊರಗೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಾಗಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಮತ್ತೆ ಈ ವೈರಿಗೆ ಯಾವತ್ತೂ ಕರೆಂಟಿನ ತ್ರೀಪಿನ್ ಪ್ಲಗ್ ಹಾಕಬೇಡಿ. ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಸಾಕೆಟ್ಟಿಗೆ ಚುಚ್ಚಿಬಿಟ್ಟಾರು.

ವೈರಿನಲ್ಲಿ ಉಳಿದ ದುಡ್ಡನ್ನ ಸ್ಪೀಕರಿಗೆ ಹಾಕಿ. ಅದಕ್ಕೂ ಮೊದಲು ಸ್ಪೀಕರನ್ನ ಮೂಲೆಯಿಂದ ಒಂದಡಿ ಈಚೆ ಎಳೆದು ನೋಡಿ. ಅದಕ್ಕೆ ದುಡ್ಡೇ ಬೇಡ.

ಕೊನೆಗೆ ಅಪ್ಪನ ವಿಷಯ. ತಪ್ಪು ಗೊತ್ತಾದ ದಿನ ರಾತ್ರಿನೇ ಫೋನ್ ಮಾಡಿದೆ. "ಅಪ್ಪಾ, ನಿಮ್ಮ ಕಿವಿ ಸರಿ ಅದ. ನಾನ ವೈರ್ ಉಲ್ಟಾ ಹಾಕಿದ್ದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡಾಕ್ಟ್ರೂ ಹಂಗ ಅಂದಿದ್ರು, ವಯಸ್ಸಿಗೆ ತಕ್ಕಂಗ ಅದ ಅಂತ. ಆದ್ರ ನೀ ಓದಿದಾಂವ ಅಂದ್ಯಲ್ಲ, ಅದಕ್ಕ ನಾ ನಿನ್ನ ಮಾತ ನಂಬಿದೆ" ಅಂದರು.

ಒಂಬತ್ತು ಸಾವಿರ ಹೋಗಿದ್ದು ನನಗೆ ಅಷ್ಟು ಬೇಜಾರಿಲ್ಲ. ಎಂಟು ತಿಂಗಳು ಅವರು ತಮ್ಮ ಕಿವಿಯನ್ನೇ ನಂಬದೆ ಕೂತರಲ್ಲ, ಅದು ಬೇಜಾರು. ದೀಪಾವಳಿಗೆ ಬಂದಾಗ ಅದೇ ಮನಸೂರರನ್ನ ಹಾಕಿ, ಏನೂ ಹೇಳದೆ ಕೂತೆ. ಅಪ್ಪ ಎರಡು ಸ್ಪೀಕರಿನ ನಡುವಿನ ಖಾಲಿ ಗೋಡೆ ಕಡೆ ಕೈ ತೋರಿಸಿ, "ಈಗ ಬಂದ್ ಕೂತ್ರು ನೋಡು" ಅಂದರು. ಮೀಟರ್‌ಗೆ ಐವತ್ತು ರೂಪಾಯಿ ವೈರು ಅದು.

ಮನೆಯಲ್ಲಿ ಯಾರಾದರೂ "ದನಿ ಸರಿ ಇಲ್ಲ" ಅಂದರೆ, ಅವರ ವಯಸ್ಸು ಲೆಕ್ಕ ಹಾಕೋ ಮೊದಲು ಎದ್ದು ಹೋಗಿ ಸ್ಪೀಕರಿನ ಹಿಂದೆ ನೋಡಿ. ನಿಮ್ಮ ಹಾಲಿನ ಅಳತೆ, ಸ್ಪೀಕರಿನ ಓಮ್ ಎಷ್ಟು ಅಂತ ಬರೆದು ಕಳಿಸಿದರೆ ಲೆಕ್ಕ ಮಾಡಿ ಹೇಳ್ತೀನಿ.